‘ಯಾರು ನೀನು’ ಎಂದಳು ಅಂತ ಬರೆದಿದ್ದೀಯಲ್ಲ

ಪುಟ್ಟಿ,

ನಿನ್ನ ಕಾಗದ ಓದಿದೆ. ಬೇರೆಲ್ಲ ಓದಿ ಮಡಿಸಿಟ್ಟೆ. ಒಂದು ಸಾಲು ಮಾತ್ರ ಬಿಡುತ್ತಿಲ್ಲ. ‘ಐಸಿಯುನಲ್ಲಿ ಉಸಿರಾಟದ ಕೊಳವೆ ತೆಗೆದ ಮೇಲೆ ಅಮ್ಮ ನನ್ನ ಮುಖ ನೋಡಿ ಯಾರು ನೀನು ಎಂದಳು ದೊಡ್ಡಮ್ಮ, ಇನ್ನು ಹೀಗೇ ಇದ್ದುಬಿಟ್ಟರೆ?’

ರಾತ್ರಿ ಎದ್ದು ಕೂತು ಅದನ್ನೇ ಮತ್ತೆ ಓದಿದೆ. ಹೆತ್ತವಳ ಬಾಯಲ್ಲಿ ಆ ಮಾತು ಕೇಳಿ ನೀನು ಹೇಗೆ ನಿಂತೆಯೋ.

ಅದಕ್ಕೊಂದು ಹೆಸರಿದೆ. ಡಾಕ್ಟರುಗಳು ಡೆಲಿರಿಯಮ್ ಅನ್ನುತ್ತಾರೆ. ವೆಂಟಿಲೇಟರ್, ಅಂದರೆ ಉಸಿರಾಡಿಸುವ ಮೆಷಿನ್ ಮೇಲೆ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬರುತ್ತದೆ. ಮೈಯಲ್ಲಿ ಸೋಂಕು, ನಿದ್ದೆ ಬರಿಸುವ ಔಷಧಿ, ಆರದ ದೀಪ, ನಿಲ್ಲದ ಮೆಷಿನ್ ಸದ್ದು. ಹಗಲು ಯಾವುದು ರಾತ್ರಿ ಯಾವುದು ಅನ್ನುವುದೇ ತಿಳಿಯದೆ ತಲೆ ಕಲಸಿಹೋಗುತ್ತದೆ. ಬೆಳಿಗ್ಗೆ ನೆಟ್ಟಗೆ ಮಾತಾಡಿದವರು ಸಂಜೆಗೆ ಗೋಡೆ ಮೇಲೆ ಇರುವೆ ಸಾಲು ನೋಡುತ್ತಾರೆ. ಇದು ಮರೆವಿನ ಕಾಯಿಲೆ ಅಲ್ಲ ಪುಟ್ಟಿ. ಅದು ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಇದು ಒಂದೆರಡು ದಿನದಲ್ಲಿ ಮೈಮೇಲೆ ಬೀಳುತ್ತದೆ.

ಇದನ್ನು ನಾನು ತಿಳಿದದ್ದು ತಡವಾಗಿ. ನಿಮ್ಮ ದೊಡ್ಡಪ್ಪ ಐಸಿಯು ಒಳಗಿದ್ದದ್ದು 1998ರಲ್ಲಿ. ಐದನೇ ದಿನ ನನ್ನನ್ನು ನೋಡಿ ನರ್ಸ್ ಹತ್ತಿರ ‘ಈ ಹೆಂಗಸನ್ನು ಆಚೆ ಕಳಿಸಿ, ಇವಳು ನನಗೆ ವಿಷ ಹಾಕುತ್ತಾಳೆ’ ಎಂದರು. ನಾನು ಸುಮ್ಮನಿರಲಿಲ್ಲ. ವಾದ ಮಾಡಿದೆ. ‘ಸರಿಯಾಗಿ ನೋಡಿ, ನಾನು ಯಾರು ಹೇಳಿ’ ಅಂತ ಕೂಗಿದೆ. ಅವರು ಮುಖ ತಿರುಗಿಸಿದರು. ಆಮೇಲೆ ಎರಡು ದಿನ ಒಳಗೆ ಬಿಡುವ ಹೊತ್ತಿಗೆ ನಾನು ಹೋಗಲೇ ಇಲ್ಲ. ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದೆ, ಅಷ್ಟೇ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಅವರು ಹುಷಾರಾಗಿ ಬಂದರು. ವಿಷದ ಮಾತು ಅವರಿಗೆ ನೆನಪೇ ಇರಲಿಲ್ಲ. ಒಂದು ದಿನ ಮಾತ್ರ ಕೇಳಿದರು, ‘ನಡುವೆ ನೀನು ಬರಲಿಲ್ಲ ಅಲ್ವಾ?’ ಬಂದಿದ್ದೆ ಅಂದೆ. ಅವರಿರುವವರೆಗೂ ಆ ಸುಳ್ಳನ್ನು ತಿದ್ದಲಿಲ್ಲ. ಈ ಡೆಲಿರಿಯಮ್ ಇದೆಯೇ ಅಂತ ತಿಳಿಯಲು, ಬಾಯಿ ಬಿಟ್ಟು ಮಾತಾಡಲಾಗದ ರೋಗಿಗೂ ಹಾಸಿಗೆ ಪಕ್ಕದಲ್ಲೇ ಮಾಡುವ ಸುಲಭದ ಪರೀಕ್ಷೆ ಆಮೇಲೆ, 2001ರಲ್ಲಿ ಬಂತು. ಕೈ ಹಿಡಿದು ಒಂದೊಂದೇ ಅಕ್ಷರ ಹೇಳುತ್ತಾರೆ, ಗೊತ್ತು ಮಾಡಿದ ಅಕ್ಷರ ಬಂದಾಗ ಮಾತ್ರ ರೋಗಿ ಕೈ ಒತ್ತಬೇಕು. ಅದನ್ನು ಓದಿದ ದಿನ ಬಹಳ ಅತ್ತೆ. ಯಾರಾದರೂ ಆಗಲೇ ಹೇಳಿದ್ದರೆ ನಾನು ಆ ಬೆಂಚಿನಿಂದ ಏಳುತ್ತಿದ್ದೆ.

ಅದಕ್ಕೇ ನಿನ್ನನ್ನು ಕೇಳಿಕೊಳ್ಳುತ್ತೇನೆ, ‘ನಾನು ಯಾರು ಹೇಳು ನೋಡೋಣ’ ಅಂತ ಅವಳನ್ನು ಕೇಳಬೇಡ. ನೀನೇ ಹೇಳಿಬಿಡು. ನಾನು ನಿನ್ನ ಮಗಳು, ಇವತ್ತು ಇಂಥ ವಾರ, ಇದು ಆಸ್ಪತ್ರೆ. ಪ್ರತಿ ಸಲ ಒಳಗೆ ಹೋದಾಗಲೂ ಹೇಳು. ಅವಳ ಕನ್ನಡಕ ಯಾರ ಹತ್ತಿರ ಇದೆ? ಕಣ್ಣು ಮಂಜಾದರೆ ಮುಖ ಹೇಗೆ ಗುರುತು ಸಿಗಬೇಕು? ಕಿವಿ ಮೆಷಿನ್ನೂ ಹಾಕಲು ನರ್ಸ್‌ಗಳನ್ನು ಕೇಳು. ಇಲ್ಲದ್ದು ಕಂಡಿತು ಎಂದರೆ ವಾದ ಬೇಡ, ಹೂಂ ಅನ್ನುವುದೂ ಬೇಡ. ‘ನನಗೆ ಕಾಣಿಸ್ತಿಲ್ಲಮ್ಮ, ನಾನಿಲ್ಲೇ ಇದ್ದೀನಿ’ ಅಂದರೆ ಸಾಕು. ಇಷ್ಟು ದೂರ ಕೂತು ನಿನಗೆ ಪಾಠ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಅವಳು ಗಲಾಟೆ ಮಾಡದೆ ಸುಮ್ನೆ ಮಂಕಾಗಿ ಮಲಗಿದ್ದರೂ ಡಾಕ್ಟರಿಗೆ ಹೇಳು. ಆ ಬಗೆಯೇ ಜಾಸ್ತಿ, ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ.

ಇನ್ನು ಹೀಗೇ ಇದ್ದುಬಿಟ್ಟರೆ ಅಂತ ಕೇಳಿದ್ದೀಯ. ಮತ್ತೆ ಅಲ್ಲಿಗೇ ಬಂದೆ ನೋಡು. ಬಹಳಷ್ಟು ಜನರಿಗೆ ಕೆಲವು ದಿನಗಳಲ್ಲಿ, ಕೆಲವರಿಗೆ ವಾರಗಳಲ್ಲಿ ತಿಳಿಯಾಗುತ್ತದೆ. ವಯಸ್ಸಾದವರಿಗೆ ಆಮೇಲೂ ತಿಂಗಳುಗಟ್ಟಲೆ ನೆನಪು ಸ್ವಲ್ಪ ಮಂದವಾಗಿರಬಹುದು. ನಿನ್ನಿಂದ ಮುಚ್ಚಿಡಲಾರೆ. ಆದರೆ ಅವತ್ತು ‘ಯಾರು’ ಎಂದದ್ದನ್ನೇ ಅವಳ ಕೊನೆಯ ತೀರ್ಪು ಅಂದುಕೊಳ್ಳಬೇಡ.

ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ನಾಲ್ಕು ಸಾಲು ಬರೆದಿಡು. ಯಾರು ಬಂದರು, ಏನಾಯಿತು ಅಂತ. ಕೆಲವು ದೇಶಗಳಲ್ಲಿ ನರ್ಸ್‌ಗಳೇ ರೋಗಿಗಾಗಿ ಹೀಗೆ ಬರೆಯುತ್ತಾರೆ. ಎದ್ದ ಮೇಲೆ ಆ ದಿನಗಳು ಅವಳಿಗೆ ಖಾಲಿಯಾಗಿರಬಹುದು.

ನಾಳೆ ಒಳಗೆ ಹೋದಾಗ ನಿನ್ನ ಹೆಸರು ಹೇಳಿದ ಮೇಲೆ ನನ್ನದೂ ಹೇಳು. ಅಕ್ಕ ಕೇಳಿದಳು ಅಂತ. ಅವಳು ಯಾವ ಅಕ್ಕ ಎಂದರೂ ಪರವಾಗಿಲ್ಲ. ನನಗೆ ಹಾಗೇ ಬರೆ.

ನಿನ್ನ
ದೊಡ್ಡಮ್ಮ