ಹೊಸ ಪದ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಪದಗಳಿಗೆ ಕನ್ನಡ ಪದ ಹುಡುಕುವ ಈ ಗುಂಪಿನಲ್ಲಿ ಇನ್ನು ಮುಂದೆ ಹೊಸ ಪದವನ್ನು ಒಂಟಿಯಾಗಿ ಹಾಕಬೇಡಿ, ದಯವಿಟ್ಟು. ವಾಕ್ಯದಲ್ಲಿ ಬಳಸಿ ತೋರಿಸಿ, ವಿಭಕ್ತಿ ಹಚ್ಚಿ ನೋಡಿ. ಟೈಪಿಂಗ್‌ಗೆ ಬಂದ ‘ಬೆರಳಚ್ಚು’ ಗೆದ್ದದ್ದು ಹಾಗೆಯೇ: ಬೆರಳಚ್ಚುಗಾರ, ಬೆರಳಚ್ಚು ಪ್ರತಿ, ಬೆರಳಚ್ಚಿಸು ಎಂದೆಲ್ಲ ಚಿಗುರಿತು. (ಪೊಲೀಸರ ಬೆರಳಚ್ಚೇ ಬೇರೆ, ಆದರೂ ಯಾರಿಗೂ ಗೊಂದಲವಿಲ್ಲ!) ‘ಜಾಲತಾಣ’ ಪತ್ರಿಕೆಗಳಲ್ಲಿ ನೆಲೆ ನಿಂತಿದೆ. ‘ಮಿಂಚಂಚೆ’ ವಿಳಾಸದ ಸಾಲಿನಲ್ಲಿ ಚೆಂದ, ಮಾತಿನಲ್ಲಿ ಮಾತ್ರ ಈಗಲೂ ‘ಮೇಲ್ ಹಾಕ್ತೀನಿ’ ಅಂತಲೇ. ಬಸ್ಸು, ಕಾಫಿಗೆ ಪರ್ಯಾಯ ಹುಡುಕುವುದು ಬೇಡ, ಅವು ನಮ್ಮವಾಗಿ ಎಷ್ಟೋ ಕಾಲವಾಯಿತು.

ಈ ವಾರ ‘ಸ್ಕ್ರೀನ್‌ಶಾಟ್‌’ಗೆ ಪದ ಬೇಕು. ‘ಪರದೆಚಿತ್ರ’ ಹೇಗೆ? ‘ಪರದೆಚಿತ್ರ ತೆಗೆದು ಕಳಿಸು’ ಎಂದು ಮನೆಯಲ್ಲಿ ಹೇಳಿ ನೋಡಿ, ಭಾನುವಾರ ರಾತ್ರಿಯೊಳಗೆ ತಿಳಿಸಿ. ಶುಭೋದಯದ ಹೂವುಗಳು ಇಲ್ಲಿ ಬೇಡ.