ಅಜ್ಜಿ ದಿನಾ ಕೇಳುವ ಪ್ರಶ್ನೆ

ಪ್ರೀತಿಯ ಪುಟ್ಟಿ,

ಹೋದ ಭಾನುವಾರ ಜಾಲಹಳ್ಳಿ ಮೆಟ್ರೋ ಸ್ಟೇಷನ್ ಮೆಟ್ಟಿಲ ಹತ್ತಿರ ನೀನು ಒಂದು ಮಾತು ಹೇಳಿದೆ. "ಅಪ್ಪಾ, ಕೆಲಸ ಇದೆ, ಸಂಬಳ ಇದೆ. ಆದ್ರೂ ಬೆಳಿಗ್ಗೆ ಯಾಕೆ ಏಳ್ಬೇಕು ಅಂತಾನೇ ಗೊತ್ತಾಗ್ತಿಲ್ಲ." ನಾನು "ಎಲ್ಲಾ ಸರಿಹೋಗುತ್ತೆ ಬಿಡು" ಅಂದೆ. ನೀನು ಸುಮ್ನೆ ತಲೆಯಾಡಿಸಿ ಹತ್ತಿ ಹೋದೆ. ಅದು ಉತ್ತರ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನನಗೆ ಎದುರಿಗೆ ಮಾತಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನಸ್ಸು ತೀರಾ ಭಾರ ಅನ್ನಿಸಿದರೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು. ಡಾಕ್ಟರ ಹತ್ತಿರ ಹೋಗಬೇಕೆಂದರೂ ಜೊತೆಗೆ ಬರುತ್ತೇನೆ. ಇದು ಮೊದಲನೇ ಮಾತು.

ನಾನು ಟರ್ನರ್, ಲೇತ್ ಯಂತ್ರದಲ್ಲಿ ಲೋಹ ಕಡೆಯುವವನು. ಐಟಿಐ ಮುಗಿಸಿ ಪೀಣ್ಯಕ್ಕೆ ಬಂದ ದಿನದಿಂದ ನನಗೆ ಗೊತ್ತಿರುವುದು ಒಂದೇ ಕ್ರಮ. ಮೊದಲು ಡ್ರಾಯಿಂಗ್ ಬರುತ್ತದೆ, ಆಮೇಲೆ ಪೀಸ್. ಶಾಫ್ಟ್ ಎಷ್ಟು ಉದ್ದ, ಎಷ್ಟು ದಪ್ಪ, ಎಲ್ಲಿ ಕೂರಬೇಕು, ಎಲ್ಲವೂ ಕಾಗದದ ಮೇಲೆ ಮೊದಲೇ ಇರುತ್ತದೆ. ಅಳತೆ 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ, ತಪ್ಪಿದರೂ ಕೆಲವು ಪೀಸ್ ರಿಜೆಕ್ಟ್ ಆಗುತ್ತವೆ.

ಒಮ್ಮೆ ಅವೆನ್ಯೂ ರೋಡಿನ ಹಳೇ ಪುಸ್ತಕಗಳ ರಾಶಿಯಲ್ಲಿ ಅಸ್ತಿತ್ವವಾದದ ಬಗ್ಗೆ ಒಂದು ಸಣ್ಣ ಕನ್ನಡ ಪುಸ್ತಕ ಸಿಕ್ಕಿತ್ತು. ಸಾರ್ತ್ರ್ ಎಂಬ ಫ್ರೆಂಚ್ ಚಿಂತಕರು 1945ರ ಅಕ್ಟೋಬರ್ 29ರಂದು ಪ್ಯಾರಿಸ್‌ನಲ್ಲಿ ಮಾಡಿದ ಭಾಷಣದ ವಿಷಯ ಅದರಲ್ಲಿತ್ತು. ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಅವರು ಕೊಟ್ಟ ಉದಾಹರಣೆ ಕಾಗದ ಕತ್ತರಿಸುವ ಚಾಕು. ಅದನ್ನು ಮಾಡುವವನಿಗೆ ಅದು ಯಾತಕ್ಕೆ ಬೇಕು ಅಂತ ಮೊದಲೇ ಗೊತ್ತಿರುತ್ತದೆ. ಮನುಷ್ಯ ಹಾಗಲ್ಲ. ಮೊದಲು ಬಂದು ಇರುತ್ತಾನೆ, ತಾನು ಏನು ಅನ್ನುವುದು ಅವನು ಮಾಡುವುದರಿಂದ ಆಮೇಲೆ ಆಗುತ್ತದೆ. ಲೇತ್ ಮುಂದೆ ನಿಂತವನಿಗೆ ಇದು ಥಟ್ಟನೆ ಹೊಳೆಯಿತು. ಮನುಷ್ಯನಿಗೆ ಡ್ರಾಯಿಂಗ್ ಇಲ್ಲ.

ಹೊಳೆಯಿತು ಅಂದುಕೊಂಡೆ, ಅಷ್ಟೇ. 2020ರಲ್ಲಿ 22 ವರ್ಷ ದುಡಿದ ಫ್ಯಾಕ್ಟರಿ ಬಾಗಿಲು ಹಾಕಿದಾಗ ನಾನು ಹೇಗಿದ್ದೆ ಅಂತ ನೀನು ನೋಡಿದ್ದೀಯ. ದಿನವಿಡೀ ಗೋಡೆ ನೋಡುತ್ತಾ ಕೂರುತ್ತಿದ್ದೆ. ಟರ್ನರ್ ಅನ್ನುವುದೇ ನನ್ನ ಡ್ರಾಯಿಂಗ್ ಅಂತ ನಂಬಿದ್ದೆ. ಅದು ಹೋದ ಮೇಲೆ ನಾನು ಯಾರೂ ಅಲ್ಲ ಅನ್ನಿಸುತ್ತಿತ್ತು. ಅಜ್ಜಿಗೆ ಮರೆವು ಜಾಸ್ತಿಯಾಗಿದ್ದೂ ಅದೇ ಹೊತ್ತಿಗೆ. ಒಂದು ಮಧ್ಯಾಹ್ನ ನನ್ನ ಮುಖ ನೋಡಿ "ನೀನ್ಯಾರಪ್ಪ?" ಅಂದಳು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ.

ಆಗ ಆ ಪುಸ್ತಕವನ್ನು ಮತ್ತೆ ತೆಗೆದೆ. ಅದೇ ಭಾಷಣದಲ್ಲಿ ಸಾರ್ತ್ರ್ ತಮ್ಮ ಒಬ್ಬ ವಿದ್ಯಾರ್ಥಿಯ ಕಥೆ ಹೇಳುತ್ತಾರೆ. ಅವನ ಅಣ್ಣ 1940ರ ಯುದ್ಧದಲ್ಲಿ ಸತ್ತಿದ್ದ. ತಾಯಿಗೆ ಉಳಿದಿದ್ದು ಇವನೊಬ್ಬನೇ. ಇಂಗ್ಲೆಂಡಿಗೆ ಹೋಗಿ ಸೇನೆ ಸೇರಲೇ, ತಾಯಿಯ ಜೊತೆ ಇರಲೇ ಅಂತ ಕೇಳಿಕೊಂಡು ಬಂದ. "ನೀನು ಸ್ವತಂತ್ರ, ನೀನೇ ಆರಿಸಿಕೋ" ಅಂದರು ಸಾರ್ತ್ರ್. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಕಷ್ಟ ಅಂತ ಬಂದ ಹುಡುಗನಿಗೆ ಇಷ್ಟೇನಾ ಹೇಳುವುದು? ಈಗಲೂ ಅನ್ನಿಸುತ್ತದೆ, ಅವನನ್ನು ಇನ್ನಷ್ಟು ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಿತ್ತು ಅಂತ.

ಆದರೆ ಅಲ್ಲೇ ಇನ್ನೊಂದು ಮಾತಿದೆ, ಎರಡನೇ ಸಲ ಓದಿದಾಗ ಕಣ್ಣಿಗೆ ಬಿತ್ತು. ತಾಯಿಯ ಮೇಲೆ ಪ್ರೀತಿ ಎಷ್ಟಿದೆ ಅಂತ ಮೊದಲೇ ಅಳೆದು ಆಮೇಲೆ ತೀರ್ಮಾನ ಮಾಡಲು ಆಗುವುದಿಲ್ಲ. ಅವಳ ಜೊತೆ ಉಳಿದ ಮೇಲೇ ಅದು ಎಷ್ಟು ಅಂತ ಗೊತ್ತಾಗುವುದು. ಮಾಡುತ್ತಾ ಮಾಡುತ್ತಾ ಆಗುವಂಥದ್ದು ಅದು. ಪುಟ್ಟಿ, ನಾನು ಕಾಯುತ್ತಾ ಕೂತಿದ್ದೆ, ಮನಸ್ಸು ಬಂದರೆ ಏಳೋಣ ಅಂತ. ಮಾರನೇ ದಿನ ಮನಸ್ಸಿಲ್ಲದೆಯೇ ಎದ್ದು ಅಜ್ಜಿಗೆ ಗಂಜಿ ಕುಡಿಸಿದೆ, ತಲೆ ಬಾಚಿದೆ. ಮೊದಮೊದಲು ಪ್ರೀತಿ ಏನೂ ಉಕ್ಕಲಿಲ್ಲ, ನಿಜ ಹೇಳುತ್ತೇನೆ. ಬೇಸರ ಇತ್ತು, ಕೋಪವೂ ಇತ್ತು. ತಿಂಗಳು ಎರಡು ತಿಂಗಳಾದ ಮೇಲೆ ನೋಡಿದರೆ, ಅವಳು ಎದ್ದಳಾ ಅಂತ ನನ್ನ ಕಿವಿ ತಾನಾಗಿ ಆ ಕಡೆಗಿರುತ್ತಿತ್ತು. ನನಗೆ ಕರುಣೆ ಅಂದರೆ ಏನು ಅಂತ ಗೊತ್ತಾಗಿದ್ದು ಆಗ.

ಸಾರ್ತ್ರ್ ಜೊತೆಗಾರ್ತಿ ಸಿಮೋನ್ ದ ಬೋವಾ ನನ್ನ ಸ್ವಾತಂತ್ರ್ಯಕ್ಕೆ ಬೇರೆಯವರ ಸ್ವಾತಂತ್ರ್ಯವೂ ಬೇಕು ಅಂತ ವಾದಿಸಿದರು. ಅದು ದೊಡ್ಡ ಮಾತು. ನನಗೆ ಅದು ಗಂಜಿ ಲೋಟದಷ್ಟರಲ್ಲೇ ಅರ್ಥವಾಗಿದ್ದು. ಅಜ್ಜಿ ಬಾಯಿ ತೆರೆಯುವವರೆಗೆ ಕಾಯಬೇಕು, ತುರುಕಬಾರದು.

ನಿನಗೆ ಏನು ಮಾಡು ಅಂತ ನಾನು ಹೇಳುವುದಿಲ್ಲ. ಕೆಲಸ ಬಿಡಬೇಕು ಅನ್ನಿಸಿದರೆ ಬಿಡು, ಓದಬೇಕು ಅನ್ನಿಸಿದರೆ ಓದು, ಮನೆಯಲ್ಲಿ ನಿನ್ನ ಕೋಣೆ ಹಾಗೇ ಇದೆ. ಆದರೆ ಬೆಳಿಗ್ಗೆ ಯಾಕೆ ಏಳಬೇಕು ಅಂತ ಹಾಸಿಗೆಯಲ್ಲೇ ಹುಡುಕಬೇಡ. ನಾನು ಹುಡುಕಿದ್ದೇನೆ, ಅಲ್ಲಿ ಸಿಗಲಿಲ್ಲ.

ನಿನ್ನೆ ರಾತ್ರಿ ಅಜ್ಜಿ ಮತ್ತೆ ಕೇಳಿದಳು, "ನೀನ್ಯಾರಪ್ಪ?" ಅಂತ. "ಊಟ ಬಡಿಸೋನು ಕಣಮ್ಮ" ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹಂಗಾದ್ರೆ ನೀನೂ ಕೂತ್ಕೊಂಡು ಉಣ್ಣು" ಅಂದಳು. ಕೂತು ಉಂಡೆ.

ಈ ಭಾನುವಾರ ಬರ್ತೀಯ ಅಲ್ವಾ? ಅಜ್ಜಿಯ ಉಗುರು ಬೆಳೆದಿದೆ. ನನ್ನ ಕೈಗೆ ಕೈ ಕೊಡುವುದಿಲ್ಲ. ಹೋದ ಸಲ ನಿನ್ನ ಹತ್ತಿರ ಸುಮ್ನೆ ಕೊಟ್ಟುಕೊಂಡು ಕೂತಿದ್ದಳು.

ಅಪ್ಪ