ವಿಷಯ: ತಪ್ಪು ಟ್ರಾನ್ಸ್‌ಡ್ಯೂಸರ್ ಇಟ್ಟು ಮಾರಿದ ಫಿಶ್ ಫೈಂಡರ್ ಕುರಿತು ಐದನೇ ಹಾಗೂ ಕೊನೆಯ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಇದೇ ವಿಷಯಕ್ಕೆ ನಾಲ್ಕು ಸಲ ಫೋನ್ ಮಾಡಿದ್ದೇನೆ, ನಾಲ್ಕು ಸಲವೂ ಸಮಾಧಾನದಿಂದಲೇ ಮಾತಾಡಿದ್ದೇನೆ. ನಿನ್ನೆ ನಿಮ್ಮಿಂದ ಬಂದ ಸಂದೇಶದಲ್ಲಿ ‘ಬಳಕೆದಾರರ ತಪ್ಪು, ದೂರು ಮುಕ್ತಾಯ’ ಎಂದಿದೆ. ದೂರು ಮುಗಿದಿಲ್ಲ.

ನಾನು ಕೊಂಡದ್ದು ನೀರಿಗೆ ಸದ್ದು ಬಿಟ್ಟು, ಮರುದನಿಯಿಂದ ತಳವನ್ನೂ ಮೀನನ್ನೂ ತೆರೆಯಲ್ಲಿ ತೋರಿಸುವ ಯಂತ್ರ. ನಿಮ್ಮ ಡಬ್ಬದ ಮೇಲೆ 83/200 ಕಿಲೋಹರ್ಟ್ಸ್, 60 ಮತ್ತು 20 ಡಿಗ್ರಿಯ ಎರಡು ಕೋನ ಎಂದು ಅಚ್ಚಾಗಿದೆ, ಅಂದರೆ 83ರಲ್ಲಿ ಸದ್ದು 60 ಡಿಗ್ರಿ ಅಗಲಕ್ಕೆ ಹರಡಬೇಕು, 200ರಲ್ಲಿ 20 ಡಿಗ್ರಿಗೆ. ಆ ಸದ್ದು ಬಿಟ್ಟು ಮರುದನಿ ಹಿಡಿಯುವ ಭಾಗ ಟ್ರಾನ್ಸ್‌ಡ್ಯೂಸರ್; ಡಬ್ಬದ ಒಳಗಿದ್ದ ಟ್ರಾನ್ಸ್‌ಡ್ಯೂಸರಿನ ಕೇಬಲ್‌ಗೆ ಅಂಟಿಸಿದ ಚೀಟಿಯಲ್ಲಿ 200 ಮಾತ್ರ ಇದೆ. ಪ್ಲಗ್ ಒಂದೇ ಥರದ್ದಾದ್ದರಿಂದ ಅದು ಸಲೀಸಾಗಿ ಕೂರುತ್ತದೆ, ಮೆನುವಿನಲ್ಲಿ 83ರ ಆಯ್ಕೆಯೂ ಕಾಣುತ್ತದೆ. ಆದರೆ 83ಕ್ಕೆ ಬದಲಿಸಿದ ಕೂಡಲೇ ತಳದ ಗೆರೆ ಅಳಿಸಿಹೋಗಿ ಆಳದ ಅಂಕಿ ಮಿನುಗತೊಡಗುತ್ತದೆ. ಟ್ರಾನ್ಸ್‌ಡ್ಯೂಸರಿನ ಒಳಗೆ 200ಕ್ಕೆ ಕಂಪಿಸುವಂತೆ ತಯಾರಿಸಿದ ಪೀಜೊ ಬಿಲ್ಲೆಗೆ 83ರ ವಿದ್ಯುತ್ ಕೊಟ್ಟರೆ ನೀರಿಗೆ ಇಳಿಯುವ ಸದ್ದೇ ತೀರಾ ಕಡಿಮೆ, ತಳಕ್ಕೆ ತಾಗಿ ಮರಳುವುದು ಅದಕ್ಕಿಂತಲೂ ಕಡಿಮೆ. ಯಂತ್ರ, ಟ್ರಾನ್ಸ್‌ಡ್ಯೂಸರ್ ಎರಡರ ಆವರ್ತನ ಹೊಂದಬೇಕೆಂದು ನಿಮ್ಮ ಕೈಪಿಡಿಯಲ್ಲೇ ಬರೆದಿದೆ.

83 ಯಾಕೆ ಬೇಕು ಎಂದು ನಿಮ್ಮವರು ಕೇಳಿದರು. 8 ಮೀಟರ್ ನೀರಲ್ಲಿ 20 ಡಿಗ್ರಿಯ ಕೋನ ತಳದಲ್ಲಿ ನೋಡುವುದು ಸುಮಾರು 2.8 ಮೀಟರ್ ಅಗಲ. 60 ಡಿಗ್ರಿಯದು 9.2 ಮೀಟರ್. ಲಂಗರು ಹಾಕಿದ ಸಣ್ಣ ದೋಣಿಯಿಂದ ಗಾಳ ಇಳಿಬಿಡುವವರಿಗೆ ಇದೇ ಮುಖ್ಯ. ಸೆಳೆತಕ್ಕೆ ಸೀಸದ ಗುಂಡು ಒಂದೂವರೆ ಮೀಟರ್ ಸರಿದರೆ ಸಾಕು, ಕಿರಿದಾದ ಕೋನದಿಂದ ಅದು ಹೊರಗೆ. ಎರೆ ಎಲ್ಲಿದೆ, ಮೀನು ಅದರತ್ತ ಏಳುತ್ತಿದೆಯೇ ಎಂಬುದು ಆಮೇಲೆ ತೆರೆಯಲ್ಲಿ ಕಾಣುವುದಿಲ್ಲ. ದೊಡ್ಡ ತೆರೆಯ, ನಕಾಶೆ ಇರುವ ಮಾದರಿಗಳನ್ನು ಬಿಟ್ಟು ಇದನ್ನು ಆರಿಸಿದ್ದೇ ಆ ಅಗಲದ ಕೋನಕ್ಕಾಗಿ.

ಅಳವಡಿಕೆ ಸರಿಯಿಲ್ಲ ಎಂಬುದು ನಿಮ್ಮ ಮೊದಲ ಉತ್ತರವಾಗಿತ್ತು. ಟ್ರಾನ್ಸ್‌ಡ್ಯೂಸರ್ ದೋಣಿಯ ಹಿಂಬದಿಯ ಹಲಗೆಯಲ್ಲಿ, ಪ್ರೊಪೆಲ್ಲರಿನಿಂದ 40 ಸೆಂಟಿಮೀಟರ್ ದೂರದಲ್ಲಿ, ರೆಕ್ಕೆಗಳು ಕೆಳಮುಖವಾಗಿ ತಿರುಗುವ ಬದಿಗೆ ಇದೆ. ಅದರ ಮುಖ ದೋಣಿಯ ತಳಕ್ಕಿಂತ ತುಸು ಕೆಳಗಿದೆ. ಗಾಳಿಗುಳ್ಳೆ ಅಂಟಿರದಂತೆ ಸೋಪಿನ ನೀರಿನಿಂದ ಒರೆಸಿದ್ದೇನೆ. ಕೇಬಲ್ ಎಂಜಿನ್ ವೈರಿನ ಜತೆ ಓಡಿಲ್ಲ, ಪರೀಕ್ಷೆಯ ಹೊತ್ತಿಗೆ ಎಂಜಿನ್ ಆಫ್ ಆಗಿತ್ತು. ಬ್ಯಾಟರಿಯಲ್ಲಿ 12.6 ವೋಲ್ಟ್, ಯಂತ್ರ ಆನ್ ಇರುವಾಗ ಪ್ಲಗ್ ಹತ್ತಿರ 12.4, ಫ್ಯೂಸ್ 3 ಆ್ಯಂಪಿಯರಿನದು. ಸೀಸ ಕಟ್ಟಿದ ಹಗ್ಗ ಇಳಿಸಿ ಅಳೆದರೆ ಆಳ 8 ಮೀಟರ್. 200ರಲ್ಲಿ ನಿಮ್ಮ ಯಂತ್ರ 8.1 ತೋರಿಸಿತು, 83ರಲ್ಲಿ ಏನೂ ಇಲ್ಲ.

ಆಮೇಲೆ ಇದೇ ಮಾದರಿ ಇರುವ ಇನ್ನೊಬ್ಬರ ಟ್ರಾನ್ಸ್‌ಡ್ಯೂಸರನ್ನು ನನ್ನ ಯಂತ್ರಕ್ಕೆ ಹಾಕಿದೆ. 83ರಲ್ಲಿ ತಳ ತಕ್ಷಣ ಬಂತು, ಇಳಿಯುವ ಗುಂಡು ಕೂಡ ಓರೆ ಗೆರೆಯಾಗಿ ಕಂಡಿತು. ನನ್ನದನ್ನು ಅವರ ಯಂತ್ರಕ್ಕೆ ಹಾಕಿದಾಗ ಅಲ್ಲೂ ತಳ ಮಾಯ. ಇದಕ್ಕಿಂತ ಹೆಚ್ಚಿನ ಪುರಾವೆ ಯಾವುದಿದೆ?

ಇನ್ನು ನಾಲ್ಕನೇ ಕರೆ. ನಿಮ್ಮ ತಾಂತ್ರಿಕ ವಿಭಾಗದವರು ಸೆನ್ಸಿಟಿವಿಟಿ, ಅಂದರೆ ಮರುದನಿ ಹಿಡಿಯುವ ಸೂಕ್ಷ್ಮತೆ, ಏರಿಸಲು ಹೇಳಿದರು. ಪೂರ್ತಿ ಏರಿಸಿದರೆ ತೆರೆ ತುಂಬ ಚುಕ್ಕೆ, ತಳ ಮಾತ್ರ ಬರುವುದಿಲ್ಲ ಎಂದೆ. “ಫಿಶ್ ಐಡಿ ಆನ್ ಮಾಡಿ ಸರ್, ಮೀನಿನ ಚಿತ್ರ ಬರುತ್ತೆ” ಎಂದರು. ತಳವೇ ಸಿಗದವರಿಗೆ ಚಿತ್ರ ಯಾಕೆ, ಅದು ಜೊಂಡನ್ನೂ ಗುಳ್ಳೆಯನ್ನೂ ಮೀನೆಂದೇ ತೋರಿಸುತ್ತದಲ್ಲ ಎಂದೆ. “ಹಾಗಾದ್ರೆ ಸಿಮ್ಯುಲೇಟರ್ ಆನ್ ಮಾಡಿ.” ಮಾಡಿದೆ. “ಮೀನು ಕಾಣ್ತಿದ್ಯಾ?” ಕಾಣುತ್ತಿದೆ ಎಂದೆ. “ಮತ್ತೆ? ಮೆಷಿನ್ ಸರಿ ಇದೆ ಸರ್.” ಟ್ರಾನ್ಸ್‌ಡ್ಯೂಸರ್ ಕಿತ್ತಿಟ್ಟರೂ ಸಿಮ್ಯುಲೇಟರಿನಲ್ಲಿ ಮೀನು ಈಜುತ್ತದೆ, ಅದು ಒಳಗೇ ತುಂಬಿಟ್ಟ ಚಿತ್ರ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀರಲ್ಲಿ ಮೀನೇ ಇಲ್ದಿದ್ರೆ ಮೆಷಿನ್ ಎಲ್ಲಿಂದ ತೋರ್ಸುತ್ತೆ ಸರ್?” ಎಂದರು. ನಾನು ಕೇಳುತ್ತಿದ್ದದ್ದು ಮೀನಲ್ಲ, ತಳ. ಕರೆಯನ್ನು ಹೋಲ್ಡ್‌ನಲ್ಲಿ ಇಡುತ್ತೇನೆಂದವರು ಸರಿಯಾಗಿ ಇಡಲಿಲ್ಲ. “ಇವರಿಗೆ ಮೀನು ಸಿಗ್ತಿಲ್ವಂತೆ” ಎಂದು ಪಕ್ಕದವರಿಗೆ ಹೇಳಿದ್ದೂ, ಇಬ್ಬರು ಮೂವರು ನಕ್ಕಿದ್ದೂ ಪೂರ್ತಿ ಕೇಳಿಸಿತು. ಆ ನಗು ನನಗೆ ಮರೆಯುವುದಿಲ್ಲ.

ಮರಳಿ ಬಂದವರು ಕೊಟ್ಟ ಸೂಚನೆ: ಕೇಬಲ್ ಕತ್ತರಿಸಿ ಒಳಗಿನ ವೈರುಗಳ ಫೋಟೊ ಕಳಿಸಿ. ಕೇಬಲ್ ಕತ್ತರಿಸಿದರೆ ವಾರಂಟಿ ರದ್ದು ಎಂದು ನಿಮ್ಮ ವಾರಂಟಿ ಪತ್ರದಲ್ಲೇ ದಪ್ಪಕ್ಷರದಲ್ಲಿದೆ. ಅದನ್ನು ಓದಿ ಹೇಳಿದ್ದಕ್ಕೆ ಫೋನ್ ಇಟ್ಟುಬಿಟ್ಟರು. ಕೇಬಲ್ ಕತ್ತರಿಸಿದ್ದರೆ ಇವತ್ತು ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಡಬ್ಬದ ಮೇಲಿನ ‘4000 ವ್ಯಾಟ್’ ಕೂಡ ಪೀಕ್ ಟು ಪೀಕ್ ಲೆಕ್ಕ, ಅಂದರೆ ಅಲೆಯ ತುದಿಯಿಂದ ತುದಿಗೆ ಅಳೆದದ್ದು. ಎಂಟರಿಂದ ಭಾಗಿಸಿದರೆ ಆರ್‌ಎಂಎಸ್, ಅಂದರೆ ಸರಾಸರಿ ಲೆಕ್ಕದ ಶಕ್ತಿ, 500. ಯಾವ ಲೆಕ್ಕವೆಂದು ನೀವು ಎಲ್ಲೂ ಅಚ್ಚು ಹಾಕಿಲ್ಲ. ಹೋಲಿಸಿ ಕೊಳ್ಳುವವರನ್ನು ಇದು ದಾರಿ ತಪ್ಪಿಸುತ್ತದೆ.

ಈ ಪತ್ರ ತಲುಪಿದ 7 ದಿನದೊಳಗೆ 83/200ರ ಟ್ರಾನ್ಸ್‌ಡ್ಯೂಸರ್ ನಿಮ್ಮ ಖರ್ಚಿನಲ್ಲಿ ಬರಬೇಕು, ‘ಬಳಕೆದಾರರ ತಪ್ಪು’ ಎಂಬ ಷರಾ ಲಿಖಿತವಾಗಿ ರದ್ದಾಗಬೇಕು. ಇಲ್ಲವಾದರೆ ಚೀಟಿಯ ಫೋಟೊ, ಅದಲುಬದಲು ಪರೀಕ್ಷೆಯ ವಿಡಿಯೊ, ಆ ನಗು ಇರುವ ಕರೆಯ ಧ್ವನಿಮುದ್ರಣ ಮೂರೂ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತವೆ. ಫೋಟೊ ಮತ್ತು ವಿಡಿಯೊ ನನಗೆ ಪರಿಚಯದ ಪ್ರತಿಯೊಬ್ಬ ಗಾಳಗಾರರಿಗೂ ತಲುಪುತ್ತವೆ. ಹಣ ಕೊಡುವ ಮೊದಲು ಡಬ್ಬ ಬಿಚ್ಚಿಸಿ ಕೇಬಲ್ ಚೀಟಿ ಓದಿ, ಅಂಗಡಿಯ ಸಿಮ್ಯುಲೇಟರ್ ನೋಡಿ ಒಪ್ಪಬೇಡಿ ಎಂದು ನಿಮ್ಮ ಮಾದರಿಯ ಹೆಸರು ಹಿಡಿದೇ ಹೇಳುತ್ತೇನೆ. ಎಂಟನೇ ದಿನ ನೀವು ಫೋನ್ ಮಾಡಿ ಬದಲಿ ಕಳಿಸುತ್ತೇವೆಂದರೂ ಅದನ್ನು ಹಿಂತೆಗೆಯುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ರಸೀದಿ, ಡಬ್ಬ ಮತ್ತು ಕೇಬಲ್ ಚೀಟಿಯ ಫೋಟೊ, ವಾರಂಟಿ ಪತ್ರದ ಪ್ರತಿ